ಕಂಪೈಲ್ ಆಗದ ಬ್ರೇಕು

ಹಿಡಿದದ್ದನ್ನು ಬಿಡದ ಸ್ವಭಾವಕ್ಕೆ ಮನೆಯವರು ಅವಳನ್ನು ಮೊಂಡಿ ಎನ್ನುತ್ತಿದ್ದರು. ಕಾರ್ಖಾನೆಯಲ್ಲೂ ಅದೇ ಹೆಸರು ಅಂಟಿಕೊಂಡಿತ್ತು. ತಗಡು ಒತ್ತುವ ಪ್ರೆಸ್ಸುಗಳಿಗೆ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಅವುಗಳಲ್ಲೊಂದರ ಮುಂದೆ ದುಡಿಯುತ್ತಿದ್ದವನು ಅವಳ ಭಾವ, ಅಕ್ಕನ ಗಂಡ. ತಂದೆಯಿಲ್ಲದ ಅವಳನ್ನು ಓದಿಸಿದವನೂ ಅವನೇ.

ಒಂದು ಮಧ್ಯಾಹ್ನ ಕರೆಂಟು ಹೋಗಿ ತಕ್ಷಣ ಬಂತು. ಪ್ರೆಸ್ಸಿನಲ್ಲಿ ಮೇಲಿಂದ ಇಳಿದು ತಗಡು ಒತ್ತುವ ಉಕ್ಕಿನ ಗಟ್ಟೆ ಎಲ್ಲೆಲ್ಲಿ ನಿಲ್ಲಬೇಕೆಂಬ ಲೆಕ್ಕವನ್ನು ಅವಳು ಬರೆದ ಪ್ರೋಗ್ರಾಂ ಚಾಲೂ ಆದಾಗಲೆಲ್ಲ ಹೊಸದಾಗಿ ಮಾಡಿಕೊಳ್ಳುತ್ತಿತ್ತು. ಅಂದು ಲೆಕ್ಕ ಮುಗಿಯುವ ಮೊದಲೇ ಗಟ್ಟೆ ಇಳಿಯಿತು. ಭಾವನ ಬಲಗೈ ಒಳಗಿತ್ತು. ಎಲುಬು ನುರಿದ ಸದ್ದು ಪಕ್ಕದಲ್ಲೇ ನಿಂತಿದ್ದ ಮೊಂಡಿಗೆ ಸ್ಪಷ್ಟವಾಗಿ ಕೇಳಿಸಿತು. ರಕ್ತ ಅವಳ ಕನ್ನಡಕಕ್ಕೆ ಸಿಡಿಯಿತು. ಗಟ್ಟೆ ಎತ್ತಿದಾಗ ಬೆರಳುಗಳು ತಗಡಿನೊಂದಿಗೆ ಅಚ್ಚಿಗೆ ಮೆತ್ತಿಕೊಂಡಿದ್ದವು.

ಆಸ್ಪತ್ರೆಯಲ್ಲಿ ಅಕ್ಕ ಯಾರ ಮಾತನ್ನೂ ಕೇಳಲಿಲ್ಲ. ತಂಗಿಯ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದಳು, ಹುಬ್ಬು ಸೀಳುವವರೆಗೆ.

"ಅನ್ನ ಹಾಕಿದ ಕೈನೇ ತಿಂದ್ಯಲ್ಲೇ" ಎಂದಳು.

ಮೊಂಡಿ ತಡೆಯಲಿಲ್ಲ. ಹುಬ್ಬಿನ ಹೊಲಿಗೆ ಬಿಚ್ಚುವ ಮೊದಲೇ ಕೆಲಸಕ್ಕೆ ಕೂತಳು. ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಹಾಗೆ ಇಳಿಸುವಾಗಲೇ ಪ್ರೋಗ್ರಾಮಿನ ಒಂದು ಭಾಗವನ್ನು ಅದರ ಕೈಯಲ್ಲೇ ಓಡಿಸಲು ಅವಳು ಬಳಸುವ ಪ್ರೋಗ್ರಾಂ ಭಾಷೆಯಲ್ಲಿ ಅವಕಾಶವಿತ್ತು. ಇಡೀ ಲೆಕ್ಕವನ್ನು ಅವಳು ಅಲ್ಲಿಗೆ ಸಾಗಿಸಿದಳು. ಇನ್ನು ಪ್ರೆಸ್ಸಿಗೆ ಹೋಗುವುದು ಸಿದ್ಧ ಉತ್ತರಗಳು ಮಾತ್ರ. ಕರೆಂಟು ಎಷ್ಟು ಸಲ ಹೋಗಿ ಬಂದರೂ ಅಲ್ಲಿ ಲೆಕ್ಕ ಮಾಡುವ ಗೊಡವೆಯಿಲ್ಲ. ಜೊತೆಗೊಂದು ಪರೀಕ್ಷೆಯನ್ನೂ ಸೇರಿಸಿದಳು. ಕೈ ತೆಗೆಯಲು ಬೇಕಾದ ಹೊತ್ತಿನೊಳಗೆ ಗಟ್ಟೆ ನಿಲ್ಲುವುದಿಲ್ಲವೆಂದು ಲೆಕ್ಕ ಹೇಳಿದರೆ ಕಂಪೈಲರ್ ಅಲ್ಲೇ ಕೈಚೆಲ್ಲಬೇಕು, ಪ್ರೋಗ್ರಾಂ ತಯಾರಾಗಲೇಬಾರದು.

ಗಟ್ಟೆಯನ್ನು ನಿಲ್ಲಿಸಲು ಬ್ರೇಕು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಎಲೆಕ್ಟ್ರಿಷಿಯನ್ ಅಳೆದು ಕೊಟ್ಟ ಅಂಕಿಯನ್ನು ಹಾಕಿದಳು. ಕಂಪೈಲ್ ಆಗಲಿಲ್ಲ. ಬೇರೆ ಪ್ರೆಸ್ಸುಗಳ ಅಂಕಿಗೂ ಅದೇ ಗತಿ. ಬ್ರೇಕುಗಳೆಲ್ಲ ಸವೆದುಹೋಗಿದ್ದವು.

ಸೂಪರ್‌ವೈಸರ್ ಅವಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಬ್ರೇಕು ಬದಲಿಸಲು ಪ್ರೆಸ್ಸು ನಿಲ್ಲಿಸಿದರೆ ಮೇಲಿನವರು ತನ್ನ ಚರ್ಮ ಸುಲಿಯುತ್ತಾರೆ, ಯಂತ್ರ ಹೊಸದಿದ್ದಾಗಿನ ಅಂಕಿಯನ್ನೇ ಬರೆ ಎಂದ. ಅವಳು ಒಪ್ಪಲಿಲ್ಲ. ಅವನೇ ಕೀಬೋರ್ಡಿಗೆ ಕೈಹಾಕಿದಾಗ ಅದನ್ನು ಕಿತ್ತುಕೊಂಡಳು. ಅವನು ಅವಳ ಕುತ್ತಿಗೆ ಹಿಡಿದು ಮುಖವನ್ನು ಮೇಜಿಗೆ ಕುಕ್ಕಿದ. ಮುಂದಿನ ಹಲ್ಲು ಮುರಿದು ನಾಲಿಗೆಗೆ ಬಂತು. ಅದನ್ನು ಉಗಿದು, ಕೈಗೆ ಸಿಕ್ಕ ಸ್ಟೂಲಿನಿಂದ ಅವನ ಮುಖಕ್ಕೆ ಬೀಸಿದಳು. ಮೂಗು ಒಡೆಯಿತು.

ಗದ್ದಲಕ್ಕೆ ಪ್ರೆಸ್ಸಿನ ಕೆಲಸಗಾರರು ಬಾಗಿಲು ಒದ್ದು ಒಳಗೆ ಬಂದರು. ಅವಳ ಬಾಯಿಂದ ಸುರಿಯುವ ರಕ್ತ ಕಂಡಿತು, ಯಾತಕ್ಕೆಂದು ಅವಳಿಂದಲೇ ಗೊತ್ತಾಯಿತು. ಸೂಪರ್‌ವೈಸರನನ್ನು ನೆಲದ ಮೇಲೆ ದರದರ ಎಳೆದೊಯ್ದರು. ಒದ್ದವರೆಷ್ಟೋ, ಉಗಿದವರೆಷ್ಟೋ. ಚಾಲೂ ಇದ್ದ ಪ್ರೆಸ್ಸೊಂದರ ಅಚ್ಚಿನ ಮೇಲೆ ಅವನ ಬಲಗೈಯನ್ನು ಒತ್ತಿಹಿಡಿದು, ಗಾಯ ಮಾಗಿದ ಮೇಲೆ ಸ್ಟೋರಿನ ಕೆಲಸಕ್ಕೆ ಹಾಕಿದ್ದ ಭಾವನನ್ನು ಕೂಗಿ ಕರೆದರು. ಭಾವ ಬಂದ. ಗಟ್ಟೆ ಇಳಿಸುವ ಪೆಡಲಿನ ಮೇಲೆ ಕಾಲಿಟ್ಟ. ಸೂಪರ್‌ವೈಸರ್ ಉಚ್ಚೆ ಹೊಯ್ದುಕೊಂಡ.

ಅವನು ಸಾಯಲಿ ಎಂದೇ ಮೊಂಡಿಯ ಮನಸ್ಸಿನಲ್ಲೂ ಇತ್ತು. ಆದರೆ ಆ ಸದ್ದನ್ನು ಇನ್ನೊಮ್ಮೆ ಕೇಳುವ ಶಕ್ತಿ ಅವಳಿಗಿರಲಿಲ್ಲ. ಜನರನ್ನು ನೂಕಿ ನುಗ್ಗಿ, ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ತುಳಿಯೋದಾದ್ರೆ ತುಳಿ ಭಾವ. ಇದೂ ಹೋಗ್ಲಿ."

"ಕೈ ತೆಗಿಯೇ."

"ತೆಗಿಯಲ್ಲ."

ಭಾವ ಕಾಲನ್ನು ಹಿಂದಕ್ಕೆ ತೆಗೆದು, ಸೂಪರ್‌ವೈಸರನ ಕೆನ್ನೆಗೆ ಎಡಗೈಯಿಂದ ಒಂದೇ ಒಂದು ಬಾರಿಸಿ, ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಪ್ರೆಸ್ಸಿನವರು ಮೇನ್ ಸ್ವಿಚ್ ಇಳಿಸಿ ಅದರ ಮುಂದೆ ಸಾಲಾಗಿ ನಿಂತರು. ಬ್ರೇಕು ಬದಲಾಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೊಸ ಅಂಕಿ ಹಾಕಿದ ದಿನ ಪ್ರೋಗ್ರಾಂ ಸಲೀಸಾಗಿ ಕಂಪೈಲ್ ಆಯಿತು. ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ. ಸ್ಟೂಲು ಬೀಸಿದ್ದಕ್ಕೆ ಮೊಂಡಿಯನ್ನೂ ತೆಗೆದುಹಾಕಿದರು. ಅವಳು ಬರೆದ ಪರೀಕ್ಷೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈಗ ಬೇರೆ ಕಡೆ ಕೆಲಸ. ರಜೆಯ ದಿನ ಅಕ್ಕನ ಮನೆಗೆ ಹೋಗುತ್ತಾಳೆ. ಭಾವ ಎಡಗೈಯಲ್ಲಿ ಉಣ್ಣುವುದನ್ನು ಕಲಿತಿದ್ದಾನೆ, ಅವಳ ಜೊತೆ ಬಾಯ್ತುಂಬ ಹರಟುತ್ತಾನೆ. ಅಕ್ಕ ತಟ್ಟೆ ತಂದಿಡುತ್ತಾಳೆ, ಖಾಲಿಯಾದರೆ ಬಡಿಸುತ್ತಾಳೆ. ಮಾತು ಇನ್ನೂ ಆಡಿಲ್ಲ.