ಪರದೆಯಕ್ಕ ಬಾಯಿ ಬಿಡದ ಹೊತ್ತು

ಹಗಲು ಆಸ್ಪತ್ರೆಯ ಕಿಂಡಿಯಲ್ಲಿ ಚೀಟಿ ಬರೆಯುವುದು, ಸಂಜೆ ನಾಟಕದ ತಂಡದಲ್ಲಿ ಮಾತು ಎತ್ತಿಕೊಡುವುದು. ಇಪ್ಪತ್ತೆರಡು ವರ್ಷದಿಂದ ಅವಳ ಬದುಕು ಈ ಎರಡು ಕುರ್ಚಿಗಳ ನಡುವೆಯೇ ಸಾಗಿತ್ತು. ನಟರು ಮಾತು ಮರೆತಾಗ ಮರೆಯಿಂದ ಪಿಸುಗುಟ್ಟುವ ಕೆಲಸವಾದ್ದರಿಂದ ತಂಡದವರು ಅವಳನ್ನು ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಪ್ರೇಕ್ಷಕರಲ್ಲಿ ಒಬ್ಬರೂ ಅವಳ ಮುಖ ಕಂಡವರಲ್ಲ. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಪರದೆಯ ಹಿಂದೆ ಕಾಲು ಚಾಚಲು ಜಾಗವಿಲ್ಲ ಎಂಬುದೊಂದೇ ದೂರು.

ಸುಲಭದ ಕೆಲಸ ಎನ್ನುವವರು ಒಂದು ದಿನ ಕೂತು ನೋಡಬೇಕು. ಮೊದಲ ವರ್ಷವೇ ಅವಳು ದೊಡ್ಡ ಎಡವಟ್ಟು ಮಾಡಿಕೊಂಡಿದ್ದಳು. ಮಗ ಸತ್ತ ಸುದ್ದಿ ಕೇಳಿದ ತಂದೆಯ ಪಾತ್ರದಲ್ಲಿ ಹಿರಿಯ ನಟರೊಬ್ಬರು ಮಾತಿಲ್ಲದೆ ನಿಂತಿದ್ದರು. ಮರೆತೇಬಿಟ್ಟರೆಂದು ಗಾಬರಿಬಿದ್ದು ಇವಳು ಮುಂದಿನ ಮಾತನ್ನು ಕೊಟ್ಟಳು, ಅದೂ ಮೂರನೆಯ ಸಾಲಿಗೆ ಕೇಳುವಷ್ಟು ಜೋರಾಗಿ. ಜನ ಗೊಳ್ಳೆಂದು ನಕ್ಕರು. ಆಮೇಲೆ ಆ ನಟರು ಬಣ್ಣ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟೇ: “ಮರೆತವನ ಕಣ್ಣು ಅಲೆಯುತ್ತಮ್ಮ. ನನ್ನ ಕಣ್ಣು ಅಲೆದಿತ್ತಾ?” ಅಂದಿನಿಂದ ಅವಳು ಪುಸ್ತಕಕ್ಕಿಂತ ಕಣ್ಣುಗಳನ್ನೇ ಹೆಚ್ಚು ಓದಿದಳು. ಅಲೆದರೆ ಮಾತ್ರ ಕೊಡಬೇಕು. ಕೊಟ್ಟರೂ ಮೊದಲ ಪದವೊಂದನ್ನೇ.

ಕಿಂಡಿಯಲ್ಲೂ ಈ ವಿದ್ಯೆ ಕೈಹಿಡಿಯಿತು. ಏನು ತೊಂದರೆ ಎಂದು ಕೇಳಿದರೆ ಜನ ಮೊದಲು ಕೆಮ್ಮು ಎನ್ನುತ್ತಾರೆ. ಚೀಟಿ ಹರಿಯುವ ಮೊದಲು ಒಂದು ಗಳಿಗೆ ಸುಮ್ಮನಿದ್ದರೆ ನಿಜವಾದ ನೋವು ತಾನಾಗಿ ಹೊರಬರುತ್ತದೆ.

“ಅಕ್ಕ, ನಿಮ್ಮ ಸಾಲು ಮುಂದಕ್ಕೇ ಹೋಗಲ್ಲ,” ಎಂದು ಪಕ್ಕದ ಕಿಂಡಿಯವನು ಕಾಲೆಳೆಯುತ್ತಿದ್ದ.

“ನಿನ್ನ ಸಾಲಿನೋರು ತಪ್ಪು ಡಾಕ್ಟರನ್ನ ನೋಡ್ಕೊಂಡು ನನ್ನ ಸಾಲಿಗೇ ಬರ್ತಾರಲ್ಲ, ಅದಕ್ಕೆ.”

ಅವಳ ಅಣ್ಣನದು ಬೀಗ ರಿಪೇರಿ ಅಂಗಡಿ. ಹೋದ ವರ್ಷ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಲಗಿದ. ಕೈಕಾಲು ಮೊದಲಿನಂತಾದವು, ಮಾತು ಮಾತ್ರ ಆಗಲಿಲ್ಲ. ಪದ ಬರುತ್ತಿತ್ತು, ಆದರೆ ಬಹಳ ಕಾಯಿಸಿ ಬರುತ್ತಿತ್ತು. ಅತ್ತಿಗೆ ಚಿನ್ನದಂಥ ಹೆಂಗಸು, ಕಾಯುವುದೊಂದು ಬಿಟ್ಟು. ಅವನು ಬಾಯಿ ತೆರೆದರೆ ಸಾಕು, “ಕಾಫಿನಾ? ಟವೆಲ್ಲಾ? ಫ್ಯಾನ್ ಹಾಕ್ಲಾ?” ಎಂದು ಸುರಿದುಬಿಡುತ್ತಿದ್ದಳು. ಒಂದು ದಿನ ಕನ್ನಡಕ ಬೇಕಾಗಿದ್ದವನು ಎರಡು ಲೋಟ ಕಾಫಿ ಕುಡಿದು ಮಲಗಿದ. ಕೊನೆಕೊನೆಗೆ ಎಲ್ಲದಕ್ಕೂ ತಲೆಯಾಡಿಸತೊಡಗಿದ.

ಹಾಗೆ ತಲೆಯಾಡಿಸಿಯೇ ಅಂಗಡಿ ಕೈಬಿಡುವ ಹಂತಕ್ಕೆ ಬಂತು. ಪಕ್ಕದ ಪೇಂಟಿನ ವ್ಯಾಪಾರಿ ಅದನ್ನು ತನಗೆ ಕೊಡಿ ಎಂದು ಕೇಳಿದ್ದ.

“ಅವರೇ ಹೂಂ ಅಂದ್ರು,” ಎಂದಳು ಅತ್ತಿಗೆ.

“ಅಂದನಾ, ತಲೆ ಆಡಿಸಿದನಾ? ಅಣ್ಣ ಈಗ ಫ್ಯಾನಿಗೂ ತಲೆ ಆಡಿಸ್ತಾನೆ ಅತ್ತಿಗೆ. ಭಾನುವಾರ ಆ ಪೇಂಟಿನವರು ಬಂದಾಗ ಅಣ್ಣನೇ ಹೇಳ್ಲಿ. ನಾವಿಬ್ರೂ ತುಟಿ ಬಿಚ್ಚೋದು ಬೇಡ.”

ಒಪ್ಪಿದ್ದೇನೋ ಸರಿ, ಅತ್ತಿಗೆಯ ನಾಲಿಗೆ ಒಪ್ಪಬೇಕಲ್ಲ. ತಂಡದಲ್ಲಿ ತಾಲೀಮಿನ ನಡುವೆ ಹರಟುವವರಿಗೆ ಬಾಯಲ್ಲಿ ನೀರು ತುಂಬಿಸಿ ಕೂರಿಸುವ ಪದ್ಧತಿಯಿತ್ತು. ಪರದೆಯಕ್ಕ ಅತ್ತಿಗೆಗೂ ಅದನ್ನೇ ಮಾಡಿಸಿದಳು. ಮೊದಲ ಮೂರು ದಿನ ಅತ್ತಿಗೆ ನೀರನ್ನೂ ನುಂಗಿದಳು, ಮಾತನ್ನೂ ಆಡಿದಳು. ನಾಲ್ಕನೆಯ ದಿನ ಹೇಗೋ ತಡೆದಳು.

ಭಾನುವಾರ ವ್ಯಾಪಾರಿ ಬಂದು ಕೂತ. ಅತ್ತಿಗೆ ಅಡುಗೆಮನೆಗೆ ಹೋಗಿ ಕೆನ್ನೆ ಉಬ್ಬಿಸಿಕೊಂಡು ಬಂದಳು.

“ಏನಣ್ಣ, ಅಂಗಡಿ ನಮಗೇ ಅಲ್ವಾ?” ಎಂದ ವ್ಯಾಪಾರಿ.

ಅಣ್ಣ ಬಾಯಿ ತೆರೆದ. ಏನೂ ಬರಲಿಲ್ಲ. ವ್ಯಾಪಾರಿ ಅತ್ತಿಗೆಯ ಕಡೆ ನೋಡಿದ. ಅವಳು ಕೆನ್ನೆ ಉಬ್ಬಿಸಿಕೊಂಡೇ ನೆಲ ನೋಡಿದಳು. ಅಣ್ಣನ ಕಣ್ಣು ಗೋಡೆಗೆ ಹೋಯಿತು, ಕಿಟಕಿಗೆ ಹೋಯಿತು. ಪರದೆಯಕ್ಕನ ನಾಲಿಗೆಯ ತುದಿಯಲ್ಲಿ ‘ಇಲ್ಲ’ ಎಂಬ ಪದ ಕುಣಿಯುತ್ತಿತ್ತು. ಅದು ಅಣ್ಣನ ಮಾತೋ ತನ್ನ ಆಸೆಯೋ ಎಂದು ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ನಿಜವಾಗಿ ಭಯವಾಯಿತು. ಕೊಡಲೆಂದು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಅಣ್ಣನ ಕಣ್ಣು ವ್ಯಾಪಾರಿಯ ಮುಖದ ಮೇಲೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಅವಳು ಪದವನ್ನು ನುಂಗಿಕೊಂಡಳು.

“ಅಂಗಡಿ,” ಎಂದ ಅಣ್ಣ. ಬಹಳ ಹೊತ್ತು ಬಿಟ್ಟು, “ನಂದು.” ಆಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ನಾಳೆ… ತೆಗೀತೀನಿ.”

ಅತ್ತಿಗೆಗೆ ನೀರು ನೆತ್ತಿಗೇರಿ ಕೆಮ್ಮು ಹತ್ತಿತು. ವ್ಯಾಪಾರಿ ಒಳ್ಳೆಯ ಮನುಷ್ಯ, ಹಾಗಾದ್ರೆ ಸಂತೋಷ ಎಂದು ಎದ್ದುಹೋದ.

ಅಣ್ಣ ತಂಗಿಯ ಕಡೆ ತಿರುಗಿದ. “ಯಾಕೆ… ಹೇಳ್ಕೊಡ್ಲಿಲ್ಲ?”

“ನೀನು ಮರೆತಿರ್ಲಿಲ್ಲ ಅಣ್ಣ.”

ಆಮೇಲೆ ಅವನು ಹೆಂಡತಿಯ ಕಡೆ ನೋಡಿ ಬಾಯಿ ತೆರೆದ. ಅವಳ ಬಾಯಲ್ಲಿ ಈಗ ನೀರಿರಲಿಲ್ಲ. ಆದರೂ ಕಾಫಿ ಎನ್ನಲಿಲ್ಲ, ಟವೆಲ್ ಎನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕಾದಳು.

“ಕನ್ನಡಕ,” ಎಂದ ಅಣ್ಣ.