ಅತ್ತಿಗೆ ಆರಿಸಿದ ಬಿಲ್ಲು

ಅತ್ತಿಗೆಯ ತುಟಿಗಳ ನಡುವೆ ಸದಾ ಮೂರು ನಾಲ್ಕು ಗುಂಡುಪಿನ್ನುಗಳಿರುತ್ತಿದ್ದವು. ಬಾಯಿಯ ಎಡಮೂಲೆಯಲ್ಲಿ ಅವನ್ನು ಕಚ್ಚಿಕೊಂಡು ಬಲಮೂಲೆಯಿಂದ ಮಾತಾಡುತ್ತಿದ್ದರು, ನಗುತ್ತಿದ್ದರು, ತರಕಾರಿಯವನ ಹತ್ತಿರ ಚೌಕಾಸಿಯನ್ನೂ ಮಾಡುತ್ತಿದ್ದರು. ಒಂದು ಪಿನ್ನೂ ಬೀಳುತ್ತಿರಲಿಲ್ಲ. ಮದುವೆಯಾಗಿ ನಮ್ಮ ಒಂಟಿಕೊಪ್ಪಲಿನ ಮನೆಗೆ ಬಂದ ಮೂರನೇ ತಿಂಗಳಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟರು. ಅಲ್ಲಿಯವರೆಗೆ ಅದು ನನ್ನ ಕೋಣೆಯಾಗಿತ್ತು. ನೀವು, ಬನ್ನಿ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಮನಸ್ಸಿನೊಳಗೆ ಮಾತ್ರ ಏಕವಚನದಲ್ಲಿ ಬೈಯುತ್ತಿದ್ದೆ.

ಹುಣಸೂರು ಕಡೆಯ ಹಳ್ಳಿಯವರು. ಅಣ್ಣನಿಗಿಂತ ಎರಡೇ ವರ್ಷ ಚಿಕ್ಕವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ವರ್ಷ ತುಂಬುವುದರೊಳಗೆ ನಮ್ಮ ಬೀದಿಯ ಹೆಂಗಸರೆಲ್ಲ ಅವರ ಬಳಿಯೇ ರವಿಕೆ ಹೊಲಿಸತೊಡಗಿದರು. ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ನನ್ನನ್ನು ‘ಟೈಲರ್ ನಾದಿನಿ’ ಎಂದು ಗುರುತಿಸುವ ಹಾಗಾಯಿತು.

ಅವರ ಅಳತೆ ತಪ್ಪುತ್ತಿರಲಿಲ್ಲ. ಅದಕ್ಕೊಂದು ಉಪಾಯವಿತ್ತು. ಟೇಪು ಸುತ್ತಿದ ಕೂಡಲೇ ಯಾವ ಹೆಂಗಸಾದರೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾಳೆ. ಅತ್ತಿಗೆ ಆಗ ಏನನ್ನೂ ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಟೇಪು ಹಿಡಿದುಕೊಂಡೇ, "ನಿಮ್ಮನೇಲಿ ಬೇಳೆಗೆ ಎಷ್ಟ್ ವಿಷಲ್ ಕೂಗಿಸ್ತೀರಿ?" ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಉಸಿರು ಬಿಡಲೇಬೇಕಲ್ಲ. ಬಿಟ್ಟ ಕ್ಷಣ ಅವರ ಹೆಬ್ಬೆರಳು ಟೇಪಿನ ಮೇಲೆ ಒತ್ತಿ ನಿಲ್ಲುತ್ತಿತ್ತು. "ಟೇಪು ಸುಳ್ಳಾಡಕಿಲ್ಲ ಕಣಮ್ಮ, ಟೇಪಿನೊಳಗಿರೋರು ಆಡ್ತಾರೆ," ಎಂದು ಆಮೇಲೆ ನನಗೆ ಹೇಳುತ್ತಿದ್ದರು. ನನಗೆ ನಗು ಬರುತ್ತಿತ್ತು. ನಗಬಾರದೆಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಹೀಗೆ ಎಲ್ಲವನ್ನೂ ಅವರು ಹಿಡಿದುಕೊಂಡರೂ ಒಂದು ಮಾತ್ರ ನನ್ನದೇ ಆಗಿ ಉಳಿದಿತ್ತು. ಅದು ಬಿಲ್ಲು. ಕಚೇರಿಯ ರಜಾದಿನಗಳಲ್ಲಿ ನಾನು ಇಲವಾಲದ ಹತ್ತಿರದ ಬಯಲಿಗೆ ಬಿಲ್ಲುಗಾರಿಕೆ ಕಲಿಯಲು ಹೋಗುತ್ತಿದ್ದೆ. ಅಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರು ಹತ್ತು ಹನ್ನೆರಡು ಜನಕ್ಕೆ ಹೇಳಿಕೊಡುತ್ತಿದ್ದರು. ಇಡೀ ಬೀದಿಯಲ್ಲಿ ಕಾಂಪೌಂಡ್ ಬಿಲ್ಲು ಹಿಡಿಯುವವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

"ದಿನಾ ಬಗ್ಗಿ ಹೊಲ್ದು ಹೊಲ್ದು ಬೆನ್ನು ಹೋಯ್ತದೆ, ನೀನೂ ಅವಳ ಜೊತೆ ಹೋಗ್ ಬಾ," ಎಂದು ಅಣ್ಣ ಒಂದು ಭಾನುವಾರ ಅತ್ತಿಗೆಯನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿ ಕಳಿಸಿದ. ಸುಮ್ಮನೆ ಕೂತು ನೋಡಲಿ ಎಂದುಕೊಂಡೆ. ಮೇಷ್ಟ್ರು ತಮಾಷೆಗೆ ಅವರ ಕೈಗೊಂದು ಬಿಲ್ಲು ಕೊಟ್ಟರು. ಸೂಜಿಗೆ ದಾರ ಪೋಣಿಸುವ ಕೈ ಅದು, ಒಂದಿಷ್ಟೂ ನಡುಗಲಿಲ್ಲ. ಆರು ಬಾಣಗಳಲ್ಲಿ ನಾಲ್ಕು ಗುರಿ ಹಲಗೆಯ ನಡುವಿನ ಹಳದಿ ವೃತ್ತದೊಳಗೆ ಹೋದವು. "ಕೈ ಅಂದ್ರೆ ಅದು," ಎಂದರು ಮೇಷ್ಟ್ರು. ನಾಲ್ಕು ವರ್ಷದಿಂದ ಆ ಮಾತಿಗಾಗಿ ಬಿಸಿಲಲ್ಲಿ ನಿಂತಿದ್ದವಳು ನಾನು. ಮನೆಗೆ ಬರುವಾಗ ದಾರಿಯುದ್ದಕ್ಕೂ ಸ್ಕೂಟರನ್ನು ಬೇಕೆಂದೇ ಗುಂಡಿಗಳ ಮೇಲೆ ಹಾಯಿಸಿದೆ.

ಎಂಟು ತಿಂಗಳಲ್ಲಿ ಅತ್ತಿಗೆ ನನ್ನ ಸಮಕ್ಕೆ ಬಂದರು. ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮ ಬಯಲಿನಿಂದ ಹೆಂಗಸರಲ್ಲಿ ಒಬ್ಬರನ್ನೇ ಕಳಿಸುವುದು ರೂಢಿ. ಅದು ನಾನೇ ಎಂದು ಎಲ್ಲರಿಗೂ ಗೊತ್ತಿತ್ತು. ಆ ವರ್ಷ ಮೇಷ್ಟ್ರು, "ಇಬ್ರೂ ಹೊಡೀರಿ, ನೋಡೋಣ," ಎಂದುಬಿಟ್ಟರು.

ಆಗಲೇ ನಾನು ಹೊಸ ಬಿಲ್ಲು ಕೊಳ್ಳುವ ನಿರ್ಧಾರ ಮಾಡಿದ್ದು. ಅಲ್ಲಿಯವರೆಗೆ ಬಳಸುತ್ತಿದ್ದುದು ಬಯಲಿನ ಹಳೆಯ ಬಿಲ್ಲು, ಯಾರೋ ಎತ್ತರದ ಹುಡುಗ ಬಿಟ್ಟುಹೋಗಿದ್ದು. ಕಾಂಪೌಂಡ್ ಬಿಲ್ಲಿನ ಎರಡು ತುದಿಯಲ್ಲೂ ಚಕ್ರಗಳಿರುತ್ತವೆ. ದಾರವನ್ನು ಎಷ್ಟು ಉದ್ದ ಎಳೆಯಬೇಕೆಂಬುದನ್ನು ಆ ಚಕ್ರಗಳೇ ತೀರ್ಮಾನಿಸುತ್ತವೆ. ಅಲ್ಲಿಗೆ ಬಂದರೆ ಗೋಡೆ ಅಡ್ಡ ಬಂದ ಹಾಗೆ ದಾರ ನಿಲ್ಲುತ್ತದೆ. ನಮ್ಮ ತೋಳಿನ ಅಳತೆಗೆ ತಕ್ಕದ್ದನ್ನೇ ತರಿಸಬೇಕು. "ಈ ಬಿಲ್ಲು ನಿಂದಲ್ಲ ಕಣಮ್ಮ, ಬೇರೆಯೋರ ರವಿಕೆ ತೊಟ್ಕೊಂಡಂಗೆ ಕಾಣ್ತೀಯ," ಎಂದು ಅತ್ತಿಗೆ ಮೊದಲನೇ ದಿನವೇ ಹೇಳಿದ್ದರು. ನಿನ್ನೆ ಮೊನ್ನೆ ಬಂದವರಿಂದ ನಾನೇನು ಹೇಳಿಸಿಕೊಳ್ಳುವುದು ಎಂದು ಕಿವಿಗೇ ಹಾಕಿಕೊಂಡಿರಲಿಲ್ಲ.

ಮೊಬೈಲಿನಲ್ಲಿ ವಾರಗಟ್ಟಲೆ ಹುಡುಕಿ ಒಂದನ್ನು ಆರಿಸಿದೆ. ಅದು ಹೊರದೇಶದವರು ಬೇಟೆಗೆಂದು ಮಾಡಿದ ಬಿಲ್ಲು. ಗಿಡ್ಡ, ಮೈತುಂಬ ಒಣಗಿದೆಲೆಗಳ ಚಿತ್ತಾರ, ಬಾಣ ಬಿಟ್ಟರೆ ಕಣ್ಣಿಗೆ ಕಾಣದ ವೇಗ. ಗುರಿ ಹಲಗೆಗೆ ಹೊಡೆಯುವವರಿಗೆ ಉದ್ದನೆಯ, ಅಲುಗದ ಬಿಲ್ಲು ಬೇಕೆಂದು ಗೊತ್ತಿಲ್ಲದವಳೇನಲ್ಲ. ಆದರೆ ಅತ್ತಿಗೆ ಹಿಡಿಯುತ್ತಿದ್ದುದು ಅಂಥದ್ದೇ ಸಾದಾ ಬಿಲ್ಲು, ಎಳೆಯಲು ನಲವತ್ತು ಪೌಂಡಿನ ಬಲ ಸಾಕಾಗುವಂಥದ್ದು. ನನ್ನದು ಅವರದಕ್ಕಿಂತ ಬಿಗಿಯಾಗಿರಬೇಕು, ಉದ್ದ ಎಳೆಯಬೇಕು, ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಚಿತ್ರ ನೋಡಿ ಅತ್ತಿಗೆ ಪಿನ್ನುಗಳ ಸಂದಿಯಿಂದ ಕೇಳಿದರು, "ಇದ್ರಲ್ಲಿ ಏನ್ ಹೊಡೀತೀಯ? ಕುಕ್ಕರಹಳ್ಳಿ ಕೆರೆ ಬಾತುಕೋಳಿನಾ?"

"ಹೊಡೆಯೋದು ಬೇರೇನೋ ಇದೆ," ಎಂದೆ.

ಅವರು ನನ್ನನ್ನೇ ಒಮ್ಮೆ ನೋಡಿ, ಮೊಬೈಲನ್ನು ವಾಪಸ್ ಕೊಟ್ಟರು.

ಮೇಷ್ಟ್ರು ಊರಲ್ಲಿಲ್ಲದ ವಾರ ನೋಡಿಕೊಂಡು ಚೀಟಿ ಬರೆದೆ. ಬೇಟೆಯ ಬಿಲ್ಲು, ಅರವತ್ತು ಪೌಂಡು, ದಾರದ ಎಳೆತ ಇಪ್ಪತ್ತೊಂಬತ್ತು ಇಂಚು. ನನ್ನ ನಿಜವಾದ ಅಳತೆ ಅದಕ್ಕಿಂತ ಬಹಳ ಕಡಿಮೆ. ನನಗಿಂತ ಒಂದು ಗೇಣು ಎತ್ತರದ ಅತ್ತಿಗೆಯದೇ ಇಪ್ಪತ್ತೆಂಟು. ಅವರಿಗಿಂತ ಒಂದು ಇಂಚು ಹೆಚ್ಚಿರಲಿ ಎಂದು ಬರೆದದ್ದು, ಮತ್ತೇನೂ ಲೆಕ್ಕವಿರಲಿಲ್ಲ. ನಜರ್‌ಬಾದಿನಲ್ಲಿ ಆಟದ ಸಾಮಾನಿನ ಅಂಗಡಿಯವರೊಬ್ಬರು ಇಂಥವನ್ನು ತರಿಸಿಕೊಡುತ್ತಿದ್ದರು. ಅತ್ತಿಗೆ ಲೈನಿಂಗ್ ಬಟ್ಟೆ ತರಲು ಆ ಕಡೆ ಹೊರಟಿದ್ದರು, ಚೀಟಿಯನ್ನು ಅವರ ಕೈಯಲ್ಲೇ ಕಳಿಸಿದೆ.

ಹೊರಡುವ ಮುಂಚೆ, "ದಸರಾಕ್ಕೊಂದು ರವಿಕೆ ಹೊಲೀತೀನಿ ಬಾ," ಎಂದು ಕರೆದು ಅಳತೆ ತೆಗೆದರು. ಎರಡೂ ತೋಳು ಚಾಚಿಸಿ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಟೇಪು ಹಿಡಿದರು.

"ರವಿಕೆಗೆ ಬೆರಳು ಯಾಕೆ ಅತ್ತಿಗೆ?"

"ಉದ್ದ ತೋಳಿನ ಫ್ಯಾಷನ್ ಬಂದದೆ. ಅದ್ಸರಿ, ನಿಮ್ಮಾಫೀಸ್ನಲ್ಲಿ ಕಾಫಿ ಎಂಗಿರ್ತದೆ?"

ಹೇಳಲು ಬಾಯಿ ತೆರೆದೆ, ಉಸಿರು ಬಿಟ್ಟೆ. ಹೆಬ್ಬೆರಳು ಒತ್ತಿತು. ಬೀದಿಯವರೆಲ್ಲ ಬೀಳುತ್ತಿದ್ದ ಹಳ್ಳಕ್ಕೆ ಮನೆಯವಳಾದ ನಾನೂ ಬಿದ್ದೆ.

ತಿಂಗಳ ಮೇಲೆ ಪೆಟ್ಟಿಗೆ ಬಂತು. ತೆರೆದರೆ ಕಪ್ಪಗೆ, ಉದ್ದಕ್ಕೆ, ಒಂದು ಎಲೆಯ ಚಿತ್ರವೂ ಇಲ್ಲದ ಬಿಲ್ಲು. ನಲವತ್ತೈದು ಪೌಂಡು. ಎಳೆತ ಇಪ್ಪತ್ತಾರು ಇಂಚು.

"ಚೀಟಿ ಬದಲಾಯಿಸ್ಬುಟ್ಟೆ ಕಣಮ್ಮ," ಎಂದರು ಅತ್ತಿಗೆ. ಮುಚ್ಚಿಡುವ ಜಾಯಮಾನ ಅವರದಲ್ಲ. "ಆಗ್ದೇ ಇದ್ರೆ ವಾಪಸ್ ತಗೋತಾರಂತೆ, ಮಾತಾಡಿವ್ನಿ. ಒಂದ್ಸಲ ಎಳ್ದು ನೋಡು."

"ನಾನು ಗೆಲ್ಲಬಾರದು ಅಂತ ತಾನೆ?" ಎಂದೆ. ಅವರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಹದಿನೈದು ದಿನ ನಾನು ಅವರ ಕೈಯ ಕಾಫಿ ಕುಡಿಯಲಿಲ್ಲ. ಅಣ್ಣ ಇಬ್ಬರ ನಡುವೆ ಸಿಕ್ಕಿ ಹಣ್ಣಾದ.

ಅದು ನನಗೆ ಆಗುವುದಿಲ್ಲ ಎಂದು ಎಲ್ಲರೆದುರು ತೋರಿಸಿ ವಾಪಸ್ ಕಳಿಸಬೇಕೆಂದೇ ಬಯಲಿಗೆ ಒಯ್ದೆ. ಎಳೆದೆ. ದಾರ ಬಂದು ತುಟಿಯ ಮೂಲೆಗೆ ನಿಂತಿತು, ಮೂಗಿನ ತುದಿ ಅದಕ್ಕೆ ತಾಕಿತು. ಇಷ್ಟು ವರ್ಷ ನಾನು ತಲೆಯನ್ನು ಹಿಂದಕ್ಕೆ ವಾಲಿಸಿ, ಸೊಂಟ ಸೊಟ್ಟ ಮಾಡಿ, ಇನ್ನೊಬ್ಬರ ಬಿಲ್ಲಿಗೆ ನನ್ನ ಮೈಯನ್ನು ಹೊಂದಿಸಿಕೊಂಡಿದ್ದೆ ಎಂಬುದು ಆಗ ತಿಳಿಯಿತು. ಬಾಣ ಬಿಟ್ಟೆ. ನಡುಮಧ್ಯಕ್ಕೆ ಹೋಯಿತು. ನನಗೆ ಸಂತೋಷವಾಗಲಿಲ್ಲ, ಅಳು ಬಂತು. ಇಷ್ಟು ಸರಿಯಾಗಿ ನನ್ನನ್ನು ಅಳೆದವರು ಅವರೇ ಯಾಕಾಗಬೇಕಿತ್ತು?

ಆಯ್ಕೆಯ ದಿನ ಅತ್ತಿಗೆಗಿಂತ ಎರಡು ಅಂಕ ಮುಂದೆ ಬಂದು ಗೆದ್ದೆ. ಮೇಷ್ಟ್ರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೈಗೆ ಅಂಟ್ಕೊಂಡಂಗಿದೆ. ಯಾರು ಆರಿಸ್ಕೊಟ್ಟಿದ್ದು?"

"ನಾನೇ ಸಾರ್," ಎಂದೆ.

ಅತ್ತಿಗೆ ಎರಡು ಮಾರು ದೂರದಲ್ಲಿ ಹಲಗೆಯಿಂದ ಬಾಣಗಳನ್ನು ಕೀಳುತ್ತಿದ್ದರು. ಕೇಳಿಸಿತ್ತು. ತಿರುಗಿ ನೋಡಿ, "ಊಂ ಸಾರ್, ಅವ್ಳಿಗೆ ಚೆನ್ನಾಗ್ ಗೊತ್ತಾಯ್ತದೆ," ಎಂದರು. ಆ ಮಾತಿನಲ್ಲಿ ಕೊಂಕಿತ್ತೇ ಎಂದು ಎಷ್ಟೋ ಸಲ ನೆನೆದು ನೋಡಿದ್ದೇನೆ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು, ಕೊಂಚ ಹಗುರಾಗುತ್ತಿದ್ದೆ. ಇರಲಿಲ್ಲ.

ಆಮೇಲೆ ಐದು ವರ್ಷ ಬದುಕಿದ್ದರು. ನಾವು ಮೊದಲಿನಂತೆಯೇ ಮಾತಾಡಿಕೊಂಡೆವು, ಜಗಳವಾಡಿದೆವು, ಒಂದೇ ಸ್ಕೂಟರಿನಲ್ಲಿ ಬಯಲಿಗೆ ಹೋಗಿಬಂದೆವು. ಆ ಸುಳ್ಳಿನ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಬೇಕಿತ್ತು. ರಕ್ತದ ಕಾಯಿಲೆ ಎಂದು ಗೊತ್ತಾಗಿ ಆಸ್ಪತ್ರೆ ಸೇರಿದ ಮೇಲೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ದಿನಾ ಹೋಗುತ್ತಿದ್ದೆ. ಹೋದರೆ ಮಂಚದ ಸುತ್ತ ರವಿಕೆ ಹೊಲಿಸಿದವರ ಸಂತೆ. ಅವರನ್ನೆಲ್ಲ ಎರಡೆರಡು ಮಾತಾಡಿಸಿ ಕಳಿಸುವಷ್ಟರಲ್ಲಿ ಅತ್ತಿಗೆಗೆ ನಿದ್ದೆ ಬಂದಿರುತ್ತಿತ್ತು. ಆ ಹೆಂಗಸರ ಮೇಲೆ ನನಗೆ ಎಂಥ ಸಿಟ್ಟಿತ್ತೆಂದರೆ, ಇವರ ಬಟ್ಟೆಗಳೆಲ್ಲ ಒಂದೇ ಸಲ ಬಿಗಿಯಾಗಲಿ ಎಂದು ಶಪಿಸುತ್ತಿದ್ದೆ.

ಹನ್ನೊಂದನೇ ದಿನದ ಕಾರ್ಯಕ್ಕೂ ಅವರೆಲ್ಲ ಬಂದರು. "ನಿಮ್ಮತ್ತಿಗೆಗೆ ನನ್ನನ್ನು ಕಂಡರೆ ತಂಗಿಯ ಹಾಗೆ, ನನ್ನ ಹತ್ತಿರ ಏನೂ ಮುಚ್ಚಿಡುತ್ತಿರಲಿಲ್ಲ," ಎಂದು ಒಬ್ಬೊಬ್ಬರೂ ಅತ್ತರು. ನನ್ನ ಹೊಟ್ಟೆ ಉರಿಯಿತು. ಬದುಕಿದ್ದಾಗ ಅತ್ತಿಗೆಯ ಮೇಲೆ ಉರಿದಿದ್ದೆ. ಈಗ ಅವರು ನನ್ನವರು ಎಂದುಕೊಳ್ಳುವ ಪ್ರತಿಯೊಬ್ಬರ ಮೇಲೆ ಉರಿಯುತ್ತಿದ್ದೆ.

ಊಟವಾದ ಮೇಲೆ ಮೇಷ್ಟ್ರು ನನ್ನನ್ನು ಜಗುಲಿಗೆ ಕರೆದರು. "ಈ ಹೊತ್ನಲ್ಲಿ ಹೇಳಬಾರ್ದು, ಆದ್ರೂ ಹೇಳ್ತೀನಿ. ನಂಗೂ ವಯಸ್ಸಾಯ್ತು. ಹೊಸಬರಿಗೆ ಬಿಲ್ಲು ಆರಿಸಿ ತರಿಸೋ ಕೆಲಸ ಇನ್ಮೇಲೆ ನೀವೇ ನೋಡ್ಕೊಳ್ಳಿ. ಆಸ್ಪತ್ರೆಗೆ ಹೋಗಿದ್ದಾಗ ನಿಮ್ಮತ್ತಿಗೆ ಅದನ್ನೇ ಹೇಳಿದ್ರು. ಅಳತೆ ವಿಷಯ ನಮ್ಮ ನಾದಿನಿಗೆ ಬುಡಿ ಸಾರ್, ತನ್ನ ಬಿಲ್ಲು ಎಂಗೆ ಆರಿಸ್ಕೊಂಡ್ಳು ನೋಡಿದ್ರಲ್ಲ, ಅಂತ."

ಒಳಗೆ ಹೆಂಗಸರ ಮಾತು ಕೇಳುತ್ತಿತ್ತು.

"ಸಾರ್, ಅದು ನಾನು ಆರಿಸಿದ್ದಲ್ಲ. ಅತ್ತಿಗೆ ಆರಿಸಿದ್ದು."

ಮೇಷ್ಟ್ರು ಕನ್ನಡಕ ತೆಗೆದರು. "ಮತ್ತೆ ಆವತ್ತು ಯಾಕಮ್ಮ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಸಾರ್," ಎಂದೆ.

ಅತ್ತಿಗೆಯ ಮುಂದೆ ಹೀಗೆ ಹೇಳಿದ್ದರೆ ನಕ್ಕು, ಬೆನ್ನಿಗೊಂದು ಗುದ್ದಿ, ಕಾಫಿಗಿಡಲು ಹೋಗಿಬಿಡುತ್ತಿದ್ದರು. ಮೇಷ್ಟ್ರು ನಗಲಿಲ್ಲ.