ಮೂಗಿನ ಮೇಲೆ ಕಟ್ಟಿದ ಅಂಗಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಂಡಳ್ಳಿಯ ನನ್ನ ತವರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೇ ಮೂಗು ಮುಂದೆ ನನಗೆ ಅನ್ನ ಹಾಕುತ್ತದೆ ಎಂದು ಮಾತ್ರ ಒಬ್ಬರೂ ಹೇಳಿರಲಿಲ್ಲ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಲ್ಲುಗಳಿದ್ದವು. ಒಂದು ರಾಗಿಗೆ, ಇನ್ನೊಂದು ಖಾರಕ್ಕೆ. ನಡೆಸುತ್ತಿದ್ದವರು ನನ್ನ ಯಜಮಾನರು. ನಡೆಸುತ್ತಿದ್ದರು ಎನ್ನುವುದೂ ದೊಡ್ಡ ಮಾತೇ. ಸ್ವಿಚ್ ಹಾಕಿ ಪೇಪರ್ ಓದುತ್ತ ಕೂರುತ್ತಿದ್ದರು, ಮಿಲ್ಲು ತನ್ನಷ್ಟಕ್ಕೆ ತಾನು ಓಡುತ್ತಿತ್ತು.

ಆಗೆಲ್ಲ ಹೆಂಗಸರು ಸಾರಿನ ಪುಡಿಗೆ ಬೇಕಾದ್ದನ್ನು ಮನೆಯಲ್ಲೇ ಹುರಿದು ತಂದು ಬೀಸಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಮುಂದಿನ ಕೋಣೆಯಲ್ಲಿ ಯಾರೋ ಡಬ್ಬದ ಮುಚ್ಚಳ ತೆಗೆದರು. "ಅದ್ಯಾರ್ದೋ ಮೆಂತ್ಯ ಸೀದೋಗ್ಬುಟ್ಟದೆ, ಬೀಸ್ಬ್ಯಾಡಿ" ಎಂದು ಕೂತಲ್ಲಿಂದಲೇ ಕೂಗಿದೆ. ಡಬ್ಬ ತಂದಾಕೆಗೆ ಮೈಯೆಲ್ಲ ಉರಿದುಹೋಯಿತು. "ನೋಡ್ದೆ ಮಾಡ್ದೆ ಏಳ್ತೀಯಲ್ಲ, ಊರೋರ್ ಡಬ್ಬಕ್ಕೆಲ್ಲ ಯಾಕವ್ವಾ ಮೂಗ್ ತೂರಿಸ್ತೀಯ?" ಎಂದು ಬೈದು, ಹಟಕ್ಕೆ ಬಿದ್ದು ಬೀಸಿಸಿಕೊಂಡೇ ಹೋದಳು. ಮೂರನೆಯ ದಿನ ಬಂದು ಬಾಗಿಲಲ್ಲಿ ನಿಂತಳು. ಸಾರು ಕಹಿಯಾಗಿತ್ತಂತೆ. "ಇನ್ಮೇಲ್ ನೀನೇ ಉರ್ಕೊಡು" ಎಂದು ಹಸಿ ಸಾಮಾನನ್ನೆಲ್ಲ ನನ್ನ ಮುಂದಿಟ್ಟಳು. ನನ್ನ ವ್ಯಾಪಾರ ಶುರುವಾದದ್ದು ಹೀಗೆ, ಒಂದು ಬೈಗುಳದಿಂದ.

ಹಿತ್ತಲಲ್ಲಿ ಸೌದೆ ಒಲೆ ಹಾಕಿಸಿದೆ, ದೊಡ್ಡದೊಂದು ಕಬ್ಬಿಣದ ಬಾಣಲೆ ತಂದೆ. ಹುರಿಯುವುದರಲ್ಲಿ ನಮ್ಮ ಕಡೆ ಒಂದು ಕಟ್ಟಳೆಯಿದೆ. ಬಾಣಲೆಯಿಂದ ಒಂದು ಕಾಳನ್ನೂ ಬಾಯಿಗೆ ಹಾಕುವ ಹಾಗಿಲ್ಲ, ಹಾಕಿದರೆ ಅಷ್ಟೂ ಎಂಜಲು. ಬಣ್ಣ ನೋಡಿ ತಿಳಿಯಬಹುದಲ್ಲ ಎನ್ನುವವರು ಒಂದು ಹಿಡಿ ಹುರಿದವರು. ಸೇರುಗಟ್ಟಲೆ ಹುರಿಯುವಾಗ ಮೇಲೆ ಬಣ್ಣ ತಿರುಗಿದ್ದು ಕಾಣುವ ಹೊತ್ತಿಗೆ ತಳದಲ್ಲಿ ಸೀದಿರುತ್ತದೆ. ವಾಸನೆ ಮೊದಲು, ಬಣ್ಣ ಆಮೇಲೆ. ನಾನು ಒಂದು ಚಿಟಿಕೆ ಕಾಳನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದು "ಸಾಕು" ಎಂದರೆ ಮುಗಿಯಿತು, ಅದಕ್ಕೆ ಅಪೀಲಿರಲಿಲ್ಲ. ಹೆಂಗಸರು ನನ್ನನ್ನು ಮೂಗಿನಕ್ಕ ಎಂದು ಕರೆಯತೊಡಗಿದರು. ನನ್ನ ಮೂಗು ಸ್ವಲ್ಪ ದಪ್ಪವೂ ಇರುವುದರಿಂದ ಹೆಸರು ಬೇಗ ಅಂಟಿಕೊಂಡಿತು.

ಹನೂರಿನಿಂದ, ಯಳಂದೂರಿನಿಂದ ಬಸ್ಸು ಹತ್ತಿ ಬರುವವರಾದರು. ಒಂದು ಮನೆಯ ಪುಡಿ ಇನ್ನೊಂದು ಮನೆಯದಲ್ಲ. ಒಬ್ಬರಿಗೆ ಜೀರಿಗೆ ಮುಂದು, ಒಬ್ಬರಿಗೆ ಮೆಣಸು ಮುಂದು. ಮಾಂಸದ ಸಾರಿನವರಿಗೆ ಚಕ್ಕೆ ಲವಂಗ ಬೇಕು, ಶಿವಭಕ್ತರ ಮನೆಗಳಿಗೆ ಅದರ ಗಾಳಿಯೂ ಸೋಕಬಾರದು. ತಮ್ಮ ಮನೆಯ ಅಳತೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಳತೆಗೆ ಸರಿಯಾಗಿ ಬಟ್ಟೆಯಲ್ಲಿ ಬೇರೆ ಬೇರೆ ಗಂಟು ಕಟ್ಟಿ ತರುತ್ತಾರೆ. ಬಿಚ್ಚಿದವಳು ಕಂಡದ್ದನ್ನು ಕಂಡಲ್ಲೇ ಮರೆಯಬೇಕು. ನನಗೆ ಎಲ್ಲ ಮನೆಗಳದೂ ನೆನಪಿತ್ತು, ಒಬ್ಬರದನ್ನೂ ಇನ್ನೊಬ್ಬರಿಗೆ ಹೇಳಲಿಲ್ಲ. ಆ ಒಂದು ವಿಷಯದಲ್ಲಿ ನಾನು ಒಳ್ಳೆಯವಳು.

ಆಮೇಲೆ ಆಸೆ ಹತ್ತಿತು. ಎಲ್ಲರ ಪುಡಿಯನ್ನೂ ಬಲ್ಲ ನಾನು ನನ್ನದೇ ಒಂದು ಪುಡಿ ಯಾಕೆ ಮಾಡಬಾರದು? ಮಾಡಿದೆ. ಗ್ಯಾಸಿನ ದೊಡ್ಡ ಒಲೆಗಳು ಬಂದವು, ಪ್ಯಾಕಿಂಗ್ ಮಿಶಿನ್ನು ಬಂತು, ಆರು ಜನ ಹೆಂಗಸರು ಕೆಲಸಕ್ಕೆ ಸೇರಿದರು. ಪ್ಯಾಕೆಟ್ಟಿನ ಮೇಲೆ ನನ್ನ ಫೋಟೋ ಇರಲಿ ಎಂದು ಯಜಮಾನರು ಹಟ ಹಿಡಿದರು. ಅಚ್ಚಾಗಿ ಬಂದಾಗ ಮುಖಕ್ಕಿಂತ ಮೂಗೇ ಎದ್ದು ಕಾಣುತ್ತಿತ್ತು. ನಾನು ಸಿಡಿಮಿಡಿಗೊಂಡರೂ ಒಳಗೊಳಗೇ ಹಿಗ್ಗಿದೆ. ಹನೂರು, ಕೌದಳ್ಳಿ ದಾಟಿ ಪಾಲಾರಿನ ಗಡಿಯ ಪೆಟ್ಟಿಗೆ ಅಂಗಡಿಗಳಲ್ಲೂ ನನ್ನ ಮೂಗು ಸಾಲಾಗಿ ನೇತಾಡುತ್ತಿತ್ತು.

ಮನೆಮನೆಯ ಗಂಟುಗಳನ್ನು ಹುರಿಯುವುದು ನಿಲ್ಲಿಸಿದೆ. ಯಳಂದೂರಿನಿಂದ ಒಬ್ಬರು ಅಜ್ಜಿ ಬರುತ್ತಿದ್ದರು. ಹಣೆತುಂಬ ವಿಭೂತಿ, ಕೈಯಲ್ಲಿ ಗಂಟುಗಳ ಚೀಲ, ವರ್ಷಕ್ಕೆ ಎರಡು ಸಲ ತಪ್ಪದ ಗಿರಾಕಿ. ಅವರಿಗೂ ಒಂದು ಪ್ಯಾಕೆಟ್ ಹಿಡಿಸಿ, ಇದೇ ತಕೊಂಡು ಹೋಗಿ ಎಂದೆ.

"ನಿನ್ ಪ್ಯಾಕೆಟ್ಟು ಚೆನ್ನಾಗೇ ಇರ್ಬೋದು ಕಣವ್ವಾ. ಆದ್ರೆ ಅದು ನಮ್ಮನೇದಲ್ವಲ್ಲ."

"ನಿಮ್ಮನೇದು ಅಂತ ಅದ್ರಲ್ಲಿ ಬ್ಯಾರೆ ಏನಜ್ಜಿ ಇರದು? ಮೆಂತ್ಯ ಎಲ್ರ ಮನೇಲೂ ಮೆಂತ್ಯವೇ" ಎಂದುಬಿಟ್ಟೆ. ಅವರು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಎಲ್ಲ ಮನೆಗಳ ಅಳತೆಯನ್ನೂ ತಲೆಯಲ್ಲಿಟ್ಟುಕೊಂಡವಳು ಆಡುವ ಮಾತೇ ಅದು? ಹೊಟ್ಟೆ ತುಂಬಿದವಳ ಮಾತು.

ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಓಡಾಡಿದ ಕಾಲದಲ್ಲಿ ನನಗೂ ಜ್ವರ ಬಂತು. ಒಂದು ವಾರಕ್ಕೆ ಎದ್ದೆ, ಆದರೆ ಜ್ವರ ಬರಿಗೈಯಲ್ಲಿ ಹೋಗಿರಲಿಲ್ಲ. ಒಲೆಯ ಪಕ್ಕದಲ್ಲೇ ಬೆನ್ನು ತಿರುಗಿಸಿ ಕೂತಿದ್ದೇನೆ, ಹಾಲು ಉಕ್ಕಿ ಹೊತ್ತಿ ಪಾತ್ರೆ ಕಪ್ಪಾಗಿದೆ. ಯಜಮಾನರು ಮಿಲ್ಲಿನಿಂದ ಓಡಿ ಬಂದರು, ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಇಂಗಿನ ಡಬ್ಬಿ ಮೂಸಿದೆ, ಸಾಂಬ್ರಾಣಿ ಮೂಸಿದೆ. ಏನೂ ಇಲ್ಲ, ಬಿಳಿ ಗೋಡೆ ಮೂಸಿದ ಹಾಗೆ. ಭಯವಾಯಿತು. ಗುಟ್ಟಾಗಿ ಡಾಕ್ಟರ ಹತ್ತಿರ ಹೋದೆ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು.

ಊರೆಲ್ಲ ಮೂಗಿನಕ್ಕ ಎನ್ನುತ್ತಿದ್ದವಳು ನನಗೆ ಮೂಗಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನಾಟಕ ಶುರುಮಾಡಿದೆ. ಮೊದಲಿನ ಹಾಗೇ ಚಿಟಿಕೆ ಕಾಳು ಉಜ್ಜಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಅಂದಾಜಿನ ಮೇಲೆ "ಸಾಕು" ಎನ್ನುತ್ತಿದ್ದೆ. ಒಂದು ಸಲ ಹಸಿ, ಒಂದು ಸಲ ಸೀದದ್ದು.

ನನ್ನ ಕೆಲಸದವರಲ್ಲಿ ಪಾಲಾರಿನ ಕಡೆಯ ಒಬ್ಬ ಹೆಂಗಸಿದ್ದಳು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಒಂದು ದಿನ ಬಾಣಲೆಯ ಮುಂದೆ ಅವಳು ಗಾಬರಿಯಿಂದ ಕೂಗಿದಳು: "ಅಕ್ಕಾ, ಮೆಂತ್ಯ ಕರಗೋಯ್ತು!"

ನನಗೆ ರೇಗಿತು. "ಕರಗಕ್ಕೆ ಮೆಂತ್ಯ ಏನ್ ಬೆಣ್ಣೆ ಏನ್ಲೇ?" ಎಂದೆ. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಸೌಟು ಆಡಿಸತೊಡಗಿದಳು. ತಮಿಳಿನಲ್ಲಿ ಕರುಗುವುದೆಂದರೆ ಸೀಯುವುದು ಎಂದು ಗಡಿಯ ಹತ್ತಿರ ಬೆಳೆದ ನನಗೆ ತಿಳಿಯದ ವಿಷಯವೇನಲ್ಲ. ಕೇಳುವ ಮನಸ್ಸಿರಲಿಲ್ಲ, ಅಷ್ಟೇ. ಮೂಗಿನಕ್ಕ ಎದುರಿಗಿರುವಾಗ ಇನ್ನೊಬ್ಬಳ ಮೂಗು ಮಾತಾಡಬಾರದಿತ್ತು. ಆ ಬಾಣಲೆಯ ಪುಡಿಯಷ್ಟೂ ಪ್ಯಾಕೆಟ್ಟಾಯಿತು, ಮಾರಾಟಕ್ಕೆ ಹೋಯಿತು, ಕಹಿ ಎಂದು ಮೂಟೆಗಟ್ಟಿ ವಾಪಸ್ಸು ಬಂತು. ಅದರ ಹಿಂದೆಯೇ ಉಳಿದ ಅಂಗಡಿಗಳವರೂ ನನ್ನ ಫೋಟೋ ಇಳಿಸಿದರು. ಅವಳು ಮಾತ್ರ ಅದಕ್ಕೂ ಮೊದಲೇ ಕೆಲಸ ಬಿಟ್ಟು ಊರಿಗೆ ಹೋಗಿದ್ದಳು. ಮಳೆಗಾಲ ಮುಗಿಯುವುದರೊಳಗೆ ಪ್ಯಾಕಿಂಗ್ ಮಿಶಿನ್ನು ಬೇರೆಯವರ ಪಾಲಾಯಿತು, ಉಳಿದ ಹೆಂಗಸರೂ ಬೇರೆ ಕೆಲಸ ನೋಡಿಕೊಂಡರು. ಯಜಮಾನರು ಮತ್ತೆ ಪೇಪರ್ ಓದತೊಡಗಿದರು. ನಾನು ಹಿತ್ತಲ ಕಡೆಗೇ ಹೋಗುತ್ತಿರಲಿಲ್ಲ.

ಹೀಗೇ ವರ್ಷದ ಮೇಲಾಗಿತ್ತು. ಒಂದು ಬೆಳಿಗ್ಗೆ ಯಳಂದೂರಿನ ಅಜ್ಜಿ ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಅದೇ ಚೀಲ. ಮೊಮ್ಮಗಳ ಮದುವೆಯಂತೆ. ಅವಳ ಜೊತೆ ಹನೂರಿನ ಗಂಡನ ಮನೆಗೆ ತಮ್ಮ ಮನೆಯ ಪುಡಿ ಹೋಗಬೇಕು. ತಮಗೆ ಕೈ ನಡುಗುತ್ತದೆ, ಸೌಟು ಹಿಡಿಯಲಾಗುವುದಿಲ್ಲ. ಅವತ್ತು ನಾನು ಆಡಿದ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

"ನನ್ ಕೈಲಾಗದಿಲ್ಲ ಅಜ್ಜಿ. ನಂಗೆ ವಾಸ್ನೆ ಓಗ್ಬುಟ್ಟದೆ. ಜ್ವರ ಬಂದಾಗ್ಲೇ ಓಯ್ತು" ಎಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿ ಜೋರಾಗಿ ಅತ್ತೆ.

ಅಜ್ಜಿ ನನ್ನನ್ನು ಅಳಲು ಬಿಟ್ಟು, ಮುಗಿದ ಮೇಲೆ ಸೆರಗು ಸಿಕ್ಕಿಸಿದರು. "ನೆಗಡಿ ಆಯ್ತು ಅಂತ ಯಾರಾರ ಮೂಗ್ ಕುಯ್ಕಂಡಾರಾ? ನಂಗೆ ಕೈಯಿಲ್ಲ, ನಿಂಗೆ ಮೂಗಿಲ್ಲ. ಇಬ್ರು ಸೇರುದ್ರೆ ಒಬ್ಳಾಯ್ತೀವಿ. ಎದ್ದು ಒಲೆ ಅಚ್ಚು."

ಪೇಪರಿನ ಹಿಂದಿನಿಂದ ಯಜಮಾನರು, "ನಂಗಾಗ್ಲೇ ಗೊತ್ತಿತ್ತು ಬುಡಿ. ಹಳಸಿದ್ ಸಾರ ಎರಡ್ ಸಲ ಬಡಿಸಿದ್ಲು" ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಹಾರಿಬಿದ್ದೆ. "ಏಳಿದ್ರೆ ನೀ ಇಂಗೇ ಆಡ್ತಿದ್ದೆಯಲ್ಲ" ಎಂದರು. ಆ ಮನುಷ್ಯನ ಹತ್ತಿರ ಜಗಳ ಗೆಲ್ಲಲಾಗುವುದಿಲ್ಲ.

ಅಜ್ಜಿ ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು, ನಾನು ಕೈಯಾಡಿಸಿದೆ. ಅವರು ಮೂಗು ಮುಂದೆ ಮಾಡಿ "ಇನ್ನೂ... ಇನ್ನೂ... ಸಾಕು!" ಎನ್ನುತ್ತಿದ್ದರು. ಮೂರನೆಯ ಗಂಟಿಗೆ ನನಗೊಂದು ಗೊತ್ತಾಯಿತು. ಅವರು ಸಾಕು ಎನ್ನುವುದಕ್ಕೆ ಒಂದು ಕ್ಷಣ ಮುಂಚೆ ಬಾಣಲೆಯ ಸದ್ದು ಬದಲಾಗುತ್ತದೆ. ಹಸಿ ಮೆಂತ್ಯ ಸಣ್ಣ ಕಲ್ಲಿನ ಹಾಗೆ ಭಾರವಾಗಿ ಗಲಗಲ ಎನ್ನುತ್ತದೆ, ಹದಕ್ಕೆ ಬಂದಾಗ ಹಗುರಾಗುತ್ತದೆ. ಮೂಗಿನ ಜಂಬದಲ್ಲಿ ಇಷ್ಟು ವರ್ಷ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಮರುವಾರ ಬಸ್ಸು ಹತ್ತಿ ಪಾಲಾರಿನ ಕಡೆ ಹೋದೆ. ಆ ಹೆಂಗಸಿನ ಮನೆ ಹುಡುಕಿ, ತಪ್ಪಾಯ್ತು ಎಂದೆ. ನನ್ನ ಜನ್ಮದಲ್ಲಿ ನಾನು ಹೆಚ್ಚು ಬಳಸಿದ ಮಾತಲ್ಲ ಅದು.

"ನಾನ್ ಕರಗೋಯ್ತು ಅಂದ್ರೆ ತಿರ್ಗ ನಗ್ತೀರಾ ಅಕ್ಕಾ?"

"ನಗೋರ್ ಹಲ್ ಉದುರಿಸ್ತೀನಿ" ಎಂದೆ. ಅವಳು ಬಂದಳು.

ಈಗ ನಮ್ಮಲ್ಲಿ ಪ್ಯಾಕೆಟ್ಟಿಲ್ಲ. ಹಿತ್ತಲಿಗೆ ಶೀಟು ಹೊದಿಸಿ ನಾಲ್ಕು ಒಲೆ ಹಾಕಿದ್ದೇವೆ. ಹೆಂಗಸರು ತಮ್ಮ ಗಂಟು ತರುತ್ತಾರೆ, ತಮ್ಮ ಬಾಣಲೆಯ ಮುಂದೆ ತಾವೇ ಕೂರುತ್ತಾರೆ. ಮೂಗು ಅವರದು, ಕೈ ನಮ್ಮದು. ಹೊಸಬರು ಯಾರೇ ಬರಲಿ, ಒಲೆ ಹಚ್ಚುವ ಮೊದಲೇ ನನಗೆ ವಾಸನೆ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ. ಕೆಲವರು ಮೂಗು ಮುರಿದು ಎದ್ದು ಹೋಗುತ್ತಾರೆ. ಹೋಗಲಿ. ಉಳಿದವರು ನಾಲ್ಕು ಮನೆಯ ಸುದ್ದಿ ಮಾತಾಡಿಕೊಂಡು, ನನ್ನ ಬಾಯಿಂದ ಬೈಸಿಕೊಂಡು, ಘಮಘಮ ಎನ್ನುತ್ತ ಹೋಗುತ್ತಾರೆ. ಕನ್ನಡದವರೂ ಈಗ ತಳ ಹತ್ತಿದರೆ "ಅಕ್ಕಾ, ಕರಗ್ತಾ ಅದೆ" ಎಂದೇ ಕೂಗುವುದು. ಮೊದಲಿನಷ್ಟು ದೊಡ್ಡ ವ್ಯಾಪಾರವಲ್ಲ. ಆದರೆ ಬೆಳಿಗ್ಗೆ ಎದ್ದರೆ ನಾಟಕವಾಡಬೇಕಿಲ್ಲ, ಅಷ್ಟು ಹಾಯಾಗಿದ್ದೇನೆ. ಒಂದೇ ಒಂದು ಒಳಗೆ ಕೊರೆಯುತ್ತಿತ್ತು. ಇನ್ನೊಬ್ಬರ ಮೂಗಿಲ್ಲದೆ, ನನ್ನನ್ನೇ ನಂಬಿ ಒಂದು ಬಾಣಲೆ ಇಳಿಸಲು ನನಗೆ ಧೈರ್ಯವಿರಲಿಲ್ಲ. ಕಿವಿಗೆ ಸದ್ದು ಕೇಳಿದರೂ ಅವರು ಹೇಳಲಿ ಎಂದು ಕಾಯುತ್ತಿದ್ದೆ.

ಈ ಚಳಿಗಾಲದಲ್ಲಿ ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿ ಬಸ್ಸು ಹತ್ತಲಾಗಲಿಲ್ಲ. ಹನೂರಿನಿಂದ ಮೊಮ್ಮಗಳು ಒಬ್ಬಳೇ ಬಂದಳು. ತವರಿಗೆ ಹೋಗುವವಳು, ಅಜ್ಜಿಗೂ ಪುಡಿ ಒಯ್ಯಬೇಕು. ಗಂಟು ಬಿಚ್ಚುವಾಗಲೇ ನಾಲ್ಕು ಸಲ ಸೀನಿದಳು. ಮೂಗು ಕಟ್ಟಿ, ಕಣ್ಣು ಕೆಂಪಾಗಿತ್ತು.

"ನಿಂಗೆ ವಾಸ್ನೆ ಬತ್ತದಾ ಮಗಾ?"

"ಇಲ್ಲ ಅತ್ತೆ. ಏನೂ ಗೊತ್ತಾಯ್ತಿಲ್ಲ."

ಪಾಲಾರಿನವಳು ಅವತ್ತು ರಜೆಯ ಮೇಲೆ ಊರಿಗೆ ಹೋಗಿದ್ದಳು, ಬೇರೆ ಗಿರಾಕಿಗಳೂ ಇರಲಿಲ್ಲ. ನಮ್ಮ ಯಜಮಾನರ ನಶ್ಯದ ಮೂಗಿಗೆ ಪೂರ್ತಿ ಸೀದದ್ದು ಗೊತ್ತಾಗುತ್ತದೆ, ಹದ ಗೊತ್ತಾಗುವುದಿಲ್ಲ. ನಾಳೆ ಬಾ ಎನ್ನೋಣವೆಂದರೆ ಹುಡುಗಿ ಸಂಜೆ ಬಸ್ಸಿಗೆ ಯಳಂದೂರಿಗೆ ಹೊರಟವಳು. ಸೀದರೆ ಅದು ನನ್ನ ಪುಡಿಯಲ್ಲ, ಅಜ್ಜಿಯ ಮನೆಯದು. "ಒಸಿ ಸುಮ್ನಿರು, ಸೀನಲೂಬ್ಯಾಡ" ಎಂದು ಹುಡುಗಿಗೆ ಹೇಳಿದೆ. ಮಿಲ್ಲು ನಿಲ್ಲಿಸಿ ಎಂದು ಮುಂದಿನ ಕೋಣೆಗೆ ಕೂಗಿದೆ. ಕಣ್ಣು ಮುಚ್ಚಿ, ಬಾಣಲೆಗೆ ಕಿವಿ ಕೊಟ್ಟು, ಒಂದೊಂದೇ ಗಂಟು ಹುರಿದೆ. ಸದ್ದು ಹಗುರಾದ ಕೂಡಲೇ ಯಾರನ್ನೂ ಕಾಯದೆ ಇಳಿಸಿದೆ. ಅಷ್ಟು ಮುಗಿಯುವ ಹೊತ್ತಿಗೆ ರವಿಕೆ ಬೆವರಿನಲ್ಲಿ ತೊಯ್ದಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಫೋನು ಬಂತು. ಅಜ್ಜಿ. ಸಾರು ಸೊರ್ರನೆ ಹೀರುವ ಸದ್ದು ಆ ಕಡೆಯಿಂದ ಕೇಳುತ್ತಿತ್ತು.

"ಮೊಮ್ಮಗಳ ಮೂಗು ಕಟ್ಕಂಡದೆ. ಮತ್ತೆ ಯಾರವ್ವಾ ಮೂಸಿ ನೋಡ್ದೋರು?"

"ಯಾರೂ ಇಲ್ಲ ಅಜ್ಜಿ. ನಾನೇ ಸದ್ದು ಕೇಳುಸ್ಕಂಡು ಉರುದ್ದೆ. ಯಾಕೆ, ಸೀದೋಗದಾ?"

ಅಜ್ಜಿ ಇನ್ನೊಂದು ಗುಟುಕು ಕುಡಿದರು. "ಈ ಪುಡಿ ಕಲಿಸ್ದ ನಮ್ಮತ್ತೆ ಉರುದಂಗದೆ" ಎಂದರು. ಆಮೇಲೆ, "ಅಂಗಾರೆ ಇನ್ ನಾ ಬರ್ಬೇಕಾದ್ದಿಲ್ಲ ಕಣವ್ವಾ. ನೀನೇ ಸಾಕು."

ಆ ಮಾತಿಗೆ ನಾನು ಒಪ್ಪಲಿಲ್ಲ, ಅಲ್ಲೇ ಜಗಳ ತೆಗೆದೆ. "ಮಂಡಿ ವಾಸಿಯಾದ್ ಮ್ಯಾಕೆ ಬರ್ಲೇಬೇಕು ನೀವು. ವಾಸ್ನೆ ನೋಡಕ್ಕಲ್ಲ, ನನ್ ಪಕ್ಕ ಕುಂತ್ಕಳಕ್ಕೆ ಬನ್ನಿ" ಎಂದೆ.